ಕೊನೆಯ ಮಾತು ನಮಗೆ ಬಿಡುತ್ತಿದ್ದವರು

ನಮ್ಮ ಉಪದೇಶಿಗಳನ್ನು ಮಣ್ಣು ಮಾಡಿದ ದಿನ ಜನ ನಕ್ಕಷ್ಟು ಮದುವೆಮನೆಯಲ್ಲೂ ನಕ್ಕಿದ್ದನ್ನು ನಾನು ನೋಡಿಲ್ಲ. ಪೆಟ್ಟಿಗೆ ಇನ್ನೂ ಚರ್ಚಿನೊಳಗೇ ಇತ್ತು. ಒಬ್ಬರಾದ ಮೇಲೊಬ್ಬರು ಎದ್ದು ಅವರು ಹೇಳುತ್ತಿದ್ದ ಕಥೆಗಳನ್ನೇ ಹೇಳಿದರು. ಈಗಿನ ಪಾದ್ರಿ ಇನ್ನೂ ಹುಡುಗ, ಮೀಸೆ ಸರಿಯಾಗಿ ಬಂದಿಲ್ಲ. ಅವನು ಕತ್ತೆಯ ಕಥೆ ಎತ್ತಿಕೊಂಡ. "ಒಂದು ಕತ್ತೆಯ ಕಥೆ ಹೇಳಿ ಒಬ್ಬ ಅನಾಥ ಹುಡುಗಿಯನ್ನು ಬಿಡಿಸಿದ ಜಾಣರು ಇವರು" ಎಂದ. ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಅಳುತ್ತಿದ್ದೇನೆ ಅಂದುಕೊಂಡರು. ನೆಗಡಿಯಾಗಿತ್ತು.

ಆ ಹುಡುಗಿ ನಾನೇ. ಕಥೆ ಹೇಳಿದ್ದು ನಿಜ. ನಾನು ಬಿಡಿಸಿಕೊಂಡಿದ್ದೂ ಒಂದು ಲೆಕ್ಕಕ್ಕೆ ನಿಜ. ಜಾಣತನದ ಮಾತು ಮಾತ್ರ ಹಾಗಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ, ಅದೂ ಮಿಷನ್ನಿನವರು ಕಿವಿ ಹಿಂಡಿ ಓದಿಸಿದ್ದಕ್ಕೆ. ಬರೆಯುವ ಅಭ್ಯಾಸವಿಲ್ಲ. ಆದರೆ ಸತ್ತವರ ಬಗ್ಗೆ ಬರೀ ಚೆಂದದ್ದನ್ನೇ ಹೇಳುತ್ತಾ ಹೋದರೆ ಅವರು ಇದ್ದೂ ಇಲ್ಲದ ಹಾಗೆ ಆಗುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ದೇವನಹಳ್ಳಿ ಕೋಟೆಯಿಂದ ಸ್ವಲ್ಪ ಆಚೆಗೆ ನಮ್ಮ ಮಿಷನ್ ಕಾಂಪೌಂಡು. ಒಂದು ಚರ್ಚು, ಹೆಣ್ಣುಮಕ್ಕಳ ಬೋರ್ಡಿಂಗು, ಸಾಲಾಗಿ ನಾಲ್ಕಾರು ಹೆಂಚಿನ ಮನೆ, ಒಂದು ಬಾವಿ. ಸುತ್ತ ಮಣ್ಣಿನ ಗೋಡೆ, ಗೋಡೆಯ ತಲೆಯ ಮೇಲೆ ಗಾಜಿನ ಚೂರು. ಗಾಜು ಕಳ್ಳರಿಗೆ ಎನ್ನುತ್ತಿದ್ದರು. ಒಳಗೆ ಕದಿಯುವಂಥದ್ದು ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಇದ್ದದ್ದು ನಾವು. ಅಪ್ಪ ಅಮ್ಮ ಇಬ್ಬರೂ ಪ್ಲೇಗಿನಲ್ಲಿ ಹೋದ ಮೇಲೆ ಯಾರೋ ನನ್ನನ್ನು ತಂದು ಆ ಗೇಟಿನೊಳಗೆ ಬಿಟ್ಟರು. ಆಮೇಲೆ ನಾನು ಗೇಟು ದಾಟಿದ್ದೆಲ್ಲ ಸಾಲಿನಲ್ಲಿ, ಮುಂದಿನವಳ ಜಡೆ ನೋಡಿಕೊಂಡು.

ಪಾದ್ರಿಗಳು ಇಲ್ಲದ ಊರಿನಲ್ಲಿ ಚರ್ಚು ನೋಡಿಕೊಂಡು ಭಾನುವಾರ ಪ್ರಸಂಗ ಹೇಳುವವರಿಗೆ ಉಪದೇಶಿ ಅಂತ ಕರೆಯುವುದು. ನಮ್ಮ ಬಿಳಿಯ ದೊರೆ ಪಾದ್ರಿಗಳು ಇದ್ದದ್ದು ಬೆಂಗಳೂರಿನ ಕಂಟೋನ್ಮೆಂಟು, ಅಂದರೆ ದಂಡಿನಲ್ಲಿ. ತಿಂಗಳಿಗೊಮ್ಮೆ ಬರುತ್ತಿದ್ದರು. ಮಿಕ್ಕ ಭಾನುವಾರಗಳೆಲ್ಲ ಉಪದೇಶಿಗಳದು. ಗಿಡ್ಡ ಆಳು, ಮುಂದಕ್ಕೆ ಬಂದ ಹೊಟ್ಟೆ, ಯಾರೋ ಉದ್ದನೆಯ ದೊರೆ ಬಿಟ್ಟುಹೋದ ಕರಿ ಕೋಟು. ಕೋಟಿನ ತೋಳು ಮೂರು ಮಡಿಕೆ ಮಡಚಿರುತ್ತಿದ್ದರು. ಮಡಿಕೆಯೊಳಗೆ ನಶ್ಯದ ಡಬ್ಬಿ. ನಶ್ಯ ಏರಿಸಿ ಏರಿಸಿ ಮೂಗಿನ ತುದಿ ಸದಾ ಕೆಂಪು.

ಅವರು ಪ್ರಸಂಗ ಹೇಳುವ ಬಗೆಯೇ ಬೇರೆ. ವೇದಪುಸ್ತಕ ತೆರೆದು ಒಂದು ವಾಕ್ಯ ಓದಿ ಮುಚ್ಚಿಬಿಡುವರು. ಆಮೇಲೆಲ್ಲ ಕಥೆ. ಕಥೆಯನ್ನು ಕೊನೆಯವರೆಗೆ ತಂದು, ಇನ್ನೇನು ಒಂದು ಮಾತು ಉಳಿಯಿತು ಎನ್ನುವಾಗ ಮೂಗಿನ ತುದಿಯನ್ನು ಬೆರಳಿನಿಂದ ಉಜ್ಜಿಕೊಂಡು ನಿಂತುಬಿಡುವರು. ಆ ಕೊನೆಯ ಮಾತು ನಾವು ಹೇಳಬೇಕು. ಮುಂದೆ ಕುಳಿತ ಶಾಂತಮ್ಮಜ್ಜಿ ಹೇಳುತ್ತಿದ್ದಳು, ಇಲ್ಲ ಬೋರ್ಡಿಂಗ್ ಹುಡುಗಿಯರು ಕೂಗುತ್ತಿದ್ದೆವು.

ಕಳೆದುಹೋದ ಕುರಿಯ ಅಧ್ಯಾಯ ಬಂದ ದಿನ ಹೀಗೆ ಹೇಳಿದರು. "ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದರ ಹಿಂದೆ ಹೋದ್ನಂತೆ. ನಾನು ನಮ್ಮ ಹಟ್ಟಿ ಕುರುಬಣ್ಣನ್ನ ಕೇಳ್ದೆ, ನೀನಾಗಿದ್ರೆ ಏನಪ್ಪಾ ಮಾಡ್ತಿದ್ದೆ ಅಂತ. ತಲೆ ಕೆರ್ಕೊಂಡ. ಅಯ್ಯನೋರೆ, ಕಳ್ದೋಗಿರೋದು ನನ್ನ ಕುರಿನೋ, ಹೆಂಡ್ತಿ ತೌರಿಂದ ಹೊಡ್ಕಂಡು ಬಂದಿದ್ದೋ ಮೊದ್ಲು ನೋಡ್ತಿದ್ದೆ ಅಂದ. ನಿಂದಾಗಿದ್ರೆ ಅಂದೆ. ಬೆಳಿಗ್ಗೆ ನೋಡ್ಕಂಡ್ರಾಯ್ತು ಅಂತಿದ್ದೆ ಅಂದ. ಹೆಂಡ್ತಿ ತೌರಿಂದಾಗಿದ್ರೆ?"

ಮೂಗು ಉಜ್ಜಿಕೊಂಡು ನಿಂತರು.

"ಇಡೀ ರಾತ್ರಿ ಹುಡುಕ್ತಿದ್ದ!" ಎಂದು ಹೆಂಗಸರ ಕಡೆಯಿಂದ ಒಟ್ಟಿಗೆ ಕೂಗು ಬಂತು.

"ಹಂಗೇ ಕಣ್ರವ್ವಾ. ದೇವ್ರಿಗೂ ನಿಮ್ಮ ಬಗ್ಗೆ ಅಷ್ಟೇ ಭಯ" ಎಂದರು.

ಮದುವೆಮನೆಯಲ್ಲಿ ನೀರು ದ್ರಾಕ್ಷಾರಸವಾದ ಅಧ್ಯಾಯ ಇನ್ನೂ ಚೆನ್ನಾಗಿತ್ತು. "ಆರು ಬಾನಿ ನೀರು. ಸೇದಿ ಹೊತ್ತು ತಂದೋರ್ಯಾರು? ಹೆಂಗಸ್ರು. ಅಷ್ಟೂ ದ್ರಾಕ್ಷಾರಸ ಆಗೋಯ್ತು. ಗಂಡಸ್ರು ಕುಡಿದ್ರು, ಭೇಷ್ ಅಂದ್ರು. ಹಿತ್ತಲಲ್ಲಿ ಪಾತ್ರೆ ಮುಂದೆ ಕೂತಿದ್ದೋಳು ಏನಂದ್ಲು?"

"ಇನ್ನು ಪಾತ್ರೆ ತೊಳ್ಯಕ್ಕೆ ನೀರು ಯಾವನು ತರ್ತಾನೆ ಅಂದ್ಲು!" ಅಂದಳು ಶಾಂತಮ್ಮಜ್ಜಿ.

"ಅವಳ ಮಾತೂ ದೇವರ ಕಿವಿಗೆ ಬಿತ್ತು ಅಂತ ನಾನು ನಂಬ್ತೀನಿ. ವೇದದಲ್ಲಿ ಬರೀಲಿಲ್ಲ, ಬರೆಯೋರು ಗಂಡಸ್ರು ನೋಡಿ."

ಪಕ್ಕದ ದ್ರಾಕ್ಷಿ ತೋಟದ ಗೌಡರು ನಮ್ಮ ಜನವಲ್ಲ. ಆದರೂ ಭಾನುವಾರ ಚರ್ಚಿನ ಕಿಟಕಿಯ ಎದುರಿಗೆ, ಗೋಡೆಯಾಚೆ ತಮ್ಮ ಬದುವಿನ ಮೇಲೆ ನಿಂತು ಕೇಳಿ ನಗುತ್ತಿದ್ದರು. ಪ್ರಾರ್ಥನೆ ಶುರುವಾದ ಕೂಡಲೇ ಹೋಗುತ್ತಿದ್ದರು. "ನಗೋದು ನಿಮ್ಮ ಜೊತೆ, ಕೈ ಮುಗಿಯೋದು ನಮ್ಮ ಮನೇಲಿ" ಎನ್ನುವರು. ನಗುವಾಗ ನಮಗೂ ಆ ಗಾಜಿನ ಗೋಡೆ ಕಾಣುತ್ತಿರಲಿಲ್ಲ, ಅದು ಸುಳ್ಳಲ್ಲ.

ಮನೆಯೊಳಗಿನ ಉಪದೇಶಿಗಳು ಬೇರೆಯೇ ಮನುಷ್ಯ. ಅದನ್ನು ನೋಡಿದವರು ಕಡಿಮೆ. ನಾನು ನೋಡಿದ್ದೇನೆ, ಏಕೆಂದರೆ ಅವರ ಹೆಂಡತಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರಿಗೆ ತಲೆ ಬಾಚುವುದು, ಮಗ್ಗುಲು ಬದಲಿಸುವುದು ಬೋರ್ಡಿಂಗ್ ಹುಡುಗಿಯರ ಪಾಳಿ. ನನ್ನ ಕೈ ಗಟ್ಟಿ ಅಂತ ನನಗೇ ಹೆಚ್ಚು ಬೀಳುತ್ತಿತ್ತು. ಅವರು ಮಲಗಿದ್ದ ಕಬ್ಬಿಣದ ಮಂಚ ಮಿಷನ್ನಿನದು, ಔಷಧ ಮಿಷನ್ ಆಸ್ಪತ್ರೆಯದು, ತಲೆಯ ಮೇಲಿನ ಹೆಂಚು ಮಿಷನ್ನಿನದು. ಉಪದೇಶಿಗಳು ಗೋಡೆಯ ಕಡೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕುಳಿತಿರುವರು. ಗಂಟೆಗಟ್ಟಲೆ ಮಾತಿಲ್ಲ. ಮಧ್ಯೆ ತಿರುಗಿ ಒಂದು ಕಥೆ ಹೇಳುವರು. ಹೆಂಡತಿ ನಗದಿದ್ದರೆ ಮತ್ತೆ ಗೋಡೆಗೆ ತಿರುಗುವರು.

"ಊರ್ನೆಲ್ಲಾ ನಗಿಸ್ತಾರೆ, ಮನೇಲಿ ಗೋಡೆ ಕಾಯ್ತಾರೆ" ಎಂದು ಆಯಮ್ಮ ಸೊಟ್ಟ ಬಾಯಲ್ಲೇ ನನಗೆ ಹೇಳುತ್ತಿದ್ದರು.

ಸಂತೆಗೆ ಹೋದರೆ ಜನ ಬಿಡುತ್ತಿರಲಿಲ್ಲ. ಸಾವಿನ ಮನೆಗೆ ಹೋದರೂ ಯಾರೋ ಒಬ್ಬರು ಪಕ್ಕಕ್ಕೆ ಕರೆದು, "ಅಯ್ಯನೋರೆ, ಒಂದ್ ಬಿಡಿ" ಎನ್ನುವರು. ಒಮ್ಮೆ ನೀರು ಸೇದುತ್ತಿದ್ದ ನನ್ನ ಹತ್ತಿರ ಬಂದು ಕೊಡಪಾನಕ್ಕೆ ಕೈ ಕೊಟ್ಟು ಅಂದರು: "ಕೋತಿ ಆಡಿಸೋನನ್ನ ನೋಡಿದ್ದೀಯಾ ಮಗಾ? ಹಗ್ಗ ಕೋತಿ ಸೊಂಟಕ್ಕೆ ಕಟ್ಟಿರುತ್ತೆ ಅಂತ ಎಲ್ರೂ ಅಂತಾರೆ. ಹಗ್ಗದ ಇನ್ನೊಂದು ತುದಿ ಎಲ್ಲಿ ಕಟ್ಟಿರುತ್ತೆ ಯಾರೂ ನೋಡಲ್ಲ."

"ಎಲ್ಲಿ ಅಯ್ಯನೋರೆ?"

"ಆಡಿಸೋನ ಕೈಗೆ."

ಅವತ್ತು ಕೊನೆಯ ಮಾತು ಅವರೇ ಹೇಳಿದರು. ಅದಕ್ಕೇ ಇನ್ನೂ ನೆನಪಿದೆ.

ಇನ್ನು ನನ್ನ ವಿಷಯ. ಬೋರ್ಡಿಂಗಿನಲ್ಲಿ ಒಂದು ಪದ್ಧತಿ. ಹುಡುಗಿಗೆ ಹದಿನಾರು ತುಂಬುತ್ತಿದ್ದಂತೆ ಬೇರೆ ಬೇರೆ ಮಿಷನ್ನುಗಳಿಂದ ಹೆಣ್ಣು ಕೇಳಿಕೊಂಡು ಬರುತ್ತಿದ್ದರು. ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ಬಿಳಿಯ ಮಿಸ್ಸಮ್ಮ ಮೂವರು ಹುಡುಗಿಯರ ಕೈಗೆ ಟೀ ತಟ್ಟೆ ಕೊಟ್ಟು ಕಳಿಸುವರು. ಬಂದವನು ಒಬ್ಬಳನ್ನು ತೋರಿಸುವನು. ಆಮೇಲೆ ಮೂರು ಭಾನುವಾರ ಪ್ರಸಂಗ ಮುಗಿದ ಮೇಲೆ ಇಬ್ಬರ ಹೆಸರೂ ಚರ್ಚಿನಲ್ಲಿ ಕೂಗುವರು. "ಈ ಮದುವೆಗೆ ಅಡ್ಡಿ ಇದ್ದವರು ಈಗಲೇ ಹೇಳಬೇಕು" ಎಂದು ಕೇಳುವರು. ಅಡ್ಡಿ ಎಂದರೆ ಅವನಿಗೆ ಮೊದಲೇ ಹೆಂಡತಿ ಇದ್ದಾಳೆ, ಇಲ್ಲವೇ ವರಸೆ ಕೂಡಿಬರುವುದಿಲ್ಲ, ಅಂಥದ್ದು. ಹುಡುಗಿಗೆ ಇಷ್ಟವಿಲ್ಲ ಎನ್ನುವುದು ಅಡ್ಡಿಯೋ ಅಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಕ್ಕುತ್ತಿರಲಿಲ್ಲ, ಕತ್ತಲಾಗುವ ಮೊದಲೇ ಮಲಗುತ್ತಿದ್ದೆವು. ನನ್ನನ್ನು ನೋಡಲು ಬಂದವನು ದೊರೆ ಪಾದ್ರಿಗಳ ಬಟ್ಲರ್. ದಂಡಿನಿಂದ ದೊರೆಗಳ ಕಾರಿನಲ್ಲೇ ಬಂದ. ನಲವತ್ತು ದಾಟಿದ್ದ, ಮೀಸೆಗೆ ಕಪ್ಪು ಹಚ್ಚಿದ್ದ, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ್ದ. ನಾನು ತಟ್ಟೆ ಹಿಡಿದು ನಿಂತಾಗ ಮುಖ ನೋಡಲಿಲ್ಲ. ಅಂಗೈ ತಿರುಗಿಸು ಅಂದ. ತಿರುಗಿಸಿದೆ. "ಕೈ ಬಲಮಾ ಇರ್ಕು. ಇದು ಸರಿ" ಎಂದು ಅರ್ಧ ತಮಿಳಿನಲ್ಲಿ ಮಿಸ್ಸಮ್ಮನಿಗೆ ಹೇಳಿದ. ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಟೀ ಚೆಲ್ಲದೆ ಕುಡಿದ, ತಟ್ಟೆ ಸರಿಯಾಗಿ ಇಟ್ಟ. ನನಗೆ ಬೇಡವಾಗಿದ್ದ, ಅಷ್ಟೇ.

ಮೇಟ್ರನ್ ಸಾರಮ್ಮನಿಗೆ ಹೇಳಿದೆ. "ಬೇಡ ಅನ್ನೋಕೆ ನಿಂಗೆ ಯಾರೇ ಇದಾರೆ?" ಎಂದಳು. "ಬೇಡ ಅಂದ್ಮೇಲೆ ಎಲ್ಲಿಗೋಗ್ತೀಯಾ? ಬಾವಿ ಅಲ್ಲಿದೆ, ಗೇಟು ಇಲ್ಲಿದೆ. ಎರಡೂ ಮಿಷನ್ನಿಂದೇ." ಸಾರಮ್ಮನೂ ಅದೇ ಬೋರ್ಡಿಂಗಿನಲ್ಲಿ ಬೆಳೆದವಳು. ಸಿಟ್ಟಿನಿಂದ ಹೇಳಲಿಲ್ಲ, ಬೇಳೆ ಆರಿಸುತ್ತಾ ಹೇಳಿದಳು.

ಉಳಿದವರು ಉಪದೇಶಿಗಳು. ಆಯಮ್ಮನಿಗೆ ತಲೆ ಬಾಚುವಾಗ, ಅವರು ಗೋಡೆಗೆ ಮುಖ ಮಾಡಿ ಕುಳಿತಿದ್ದಾಗ, ಅವರ ಬೆನ್ನಿಗೇ ಹೇಳಿದೆ.

"ಅಯ್ಯನೋರೆ, ನಂಗೆ ಆ ಬಟ್ಲರ್ ಬೇಡ."

ಬೆನ್ನು ಅಲುಗಾಡಲಿಲ್ಲ.

"ನೀವು ದೊರೆಗಳ ಹತ್ರ ಒಂದು ಮಾತು ಹೇಳಿ."

"ಹೇಳಿದ್ರೆ ದೊರೆಗಳು ಕೇಳ್ತಾರೆ ಅಂತೀಯಾ?"

"ನಿಮ್ಮ ಕಥೆ ಎಲ್ರೂ ಕೇಳ್ತಾರಲ್ಲ."

"ಕಥೆ ಕೇಳ್ತಾರೆ ಮಗಾ" ಎಂದು ಆಗ ತಿರುಗಿದರು. ಹೆಂಡತಿಯ ಕಡೆ, ಮಂಚದ ಕಡೆ ನೋಡಿದರು. ಮತ್ತೆ ಗೋಡೆಗೆ ತಿರುಗಿದರು. ನನಗೆ ಅವತ್ತು ಬಂದ ಸಿಟ್ಟಿಗೆ ಆಯಮ್ಮನ ತಲೆಯ ಸಿಕ್ಕು ಜೋರಾಗಿ ಎಳೆದುಬಿಟ್ಟೆ. ಪಾಪ, ಆಯಮ್ಮ ಸರಿಯಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು.

ಮೊದಲ ಭಾನುವಾರ ಬಂತು. ಉಪದೇಶಿಗಳು ಓದಿದ್ದು ಹಳೆಯ ಒಡಂಬಡಿಕೆಯ ಒಬ್ಬ ಪ್ರವಾದಿಯ ಕಥೆ. ಅವನು ದೇವರಿಗೆ ಇಷ್ಟವಿಲ್ಲದ ಕಡೆ ಕತ್ತೆಯೇರಿ ಹೊರಟಿದ್ದಾನೆ. ದಾರಿಯಲ್ಲಿ ದೇವದೂತ ಕತ್ತಿ ಹಿಡಿದು ನಿಂತಿದ್ದಾನೆ. ಪ್ರವಾದಿಗೆ ಕಾಣುವುದಿಲ್ಲ, ಕತ್ತೆಗೆ ಕಾಣುತ್ತದೆ. ಕತ್ತೆ ಹೊಲಕ್ಕೆ ನುಗ್ಗುತ್ತದೆ, ಏಟು ತಿನ್ನುತ್ತದೆ. ಇಷ್ಟನ್ನು ಹೇಳಲು ಅವರು ಪೀಠದ ಮೇಲೆ ಕತ್ತೆಯೇ ಆದರು. ಕಿವಿಯ ಪಕ್ಕದಲ್ಲಿ ಕೈ ಎತ್ತಿ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ತಿರುಗಿಸಿದರು. ಆ ವಾರವೆಲ್ಲ ಕೆರೆಯ ಹತ್ತಿರ ಅಗಸರ ಕತ್ತೆಯನ್ನೇ ನೋಡುತ್ತಾ ನಿಂತಿದ್ದರಂತೆ. "ಕತ್ತೆ ತಗೋತೀರಾ ಅಯ್ಯನೋರೆ?" ಎಂದು ಅಗಸ ಕೇಳಿದನಂತೆ. "ಇಲ್ಲಪ್ಪಾ, ಪ್ರಸಂಗಕ್ಕೆ." "ಹಂಗಾರೆ ಭಾನ್ವಾರ ಇದನ್ನೇ ಕಳಿಸ್ತೀನಿ ಬಿಡಿ, ನೀವು ರಜಾ ತಗಳ್ಳಿ." ಇದನ್ನೂ ಅವರೇ ಹೇಳಿದರು. ಚರ್ಚೆಲ್ಲ ನಗು, ಕಿಟಕಿಯ ಹೊರಗೆ ಗೌಡರು ಕೆಮ್ಮುವಷ್ಟು ನಗು.

ನಗು ನಿಲ್ಲುವ ಮೊದಲೇ ನಮ್ಮ ಹೆಸರು ಕೂಗಿದರು. ಬಟ್ಲರ್ ಹೆಸರು, ನನ್ನ ಹೆಸರು. ಅಡ್ಡಿ ಇದೆಯೇ? ಯಾರಿಗೂ ಇಲ್ಲ. ನಾನು ಚಾಪೆಯ ಕಡ್ಡಿ ಕೀಳುತ್ತಾ ಕುಳಿತೆ. ನನ್ನ ಬದುಕು ಕೂಗಿ ಹಾಕುವಾಗ ಈ ಮನುಷ್ಯ ಕತ್ತೆ ಕುಣಿಸುತ್ತಿದ್ದಾನಲ್ಲ ಅಂತ ಹೊಟ್ಟೆ ಉರಿಯಿತು.

ಎರಡನೇ ಭಾನುವಾರ ಕತ್ತೆ ಇಕ್ಕಟ್ಟಿಗೆ ಬಂತು. ಎರಡು ದ್ರಾಕ್ಷಿ ತೋಟ, ಮಧ್ಯೆ ಓಣಿ, ಎರಡೂ ಕಡೆ ಗೋಡೆ. "ಎಂಥ ಓಣಿ ಅಂದ್ರೆ, ನಮ್ಮ ಗೌಡ್ರ ತೋಟಕ್ಕೂ ನಮ್ಮ ಕಾಂಪೌಂಡಿಗೂ ನಡುವೆ ಇದ್ಯಲ್ಲ, ಅಂಥದ್ದು. ಎದುರಿಗೆ ಎಮ್ಮೆ ಬಂದ್ರೆ ಯಾರಾದ್ರೂ ಒಬ್ರು ವಾಪಸ್ ಹೋಗ್ಬೇಕು. ಸಾಮಾನ್ಯವಾಗಿ ನಾನೇ ಹೋಗೋದು." ಕತ್ತೆ ಗೋಡೆಗೆ ಒತ್ತರಿಸಿತು, ಪ್ರವಾದಿಯ ಕಾಲು ಗೋಡೆಗೆ ಸಿಕ್ಕಿ ಜಜ್ಜಿಹೋಯಿತು. ಉಪದೇಶಿಗಳು ಕಾಲು ಹಿಡಿದು ಕುಂಟಿದರು. ಮತ್ತೆ ನಗು. ಮತ್ತೆ ನಮ್ಮ ಹೆಸರು. ಅವತ್ತು ಅವರ ಮುಖ ಬೆವತಿತ್ತು, ಹೆಸರು ಓದುವಾಗ ಒಂದು ಸಲ ತಡವರಿಸಿದರು. ಅಷ್ಟು ಕುಣಿದರೆ ಬೆವರದೆ ಏನು ಅಂದುಕೊಂಡೆ.

ಮೂರನೇ ಭಾನುವಾರ ದೊರೆ ಪಾದ್ರಿಗಳೇ ಬಂದರು, ಜೊತೆಗೆ ಬಟ್ಲರ್. ಹೊಸ ಬೂಟು ಹಾಕಿಕೊಂಡು ಗಂಡಸರ ಕಡೆ ಮೊದಲ ಸಾಲಿನಲ್ಲಿ ಕುಳಿತ. ಮರುದಿನವೇ ಮದುವೆ. ಸಾರಮ್ಮ ನನಗೆ ಮಿಸ್ಸಮ್ಮ ಕೊಟ್ಟ ಬಿಳಿ ಸೀರೆ ಅಳತೆ ನೋಡಿ ಮಡಚಿಟ್ಟಿದ್ದಳು. ದೊರೆಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಪ್ರಸಂಗ ಹೇಳುವಷ್ಟು ಬರುತ್ತಿರಲಿಲ್ಲ. ಅದಕ್ಕೆ ಪೀಠ ಉಪದೇಶಿಗಳಿಗೇ ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕುಳಿತರು.

ಕತ್ತೆ ಇನ್ನೂ ಇಕ್ಕಟ್ಟಾದ ಜಾಗಕ್ಕೆ ಬಂತು. "ಎಡಕ್ಕೆ ತಿರುಗೋಕೆ ಆಗಲ್ಲ, ಬಲಕ್ಕೆ ಆಗಲ್ಲ, ಹಿಂದಕ್ಕೆ ಹೋಗೋಕೆ ಬೆನ್ನ ಮೇಲೆ ಯಜಮಾನ ಇದಾನೆ. ಏನು ಮಾಡ್ತು? ಮಲಗಿಬಿಡ್ತು." ಅವತ್ತು ಅವರು ಕಿವಿ ಆಡಿಸಲಿಲ್ಲ. ಆದರೂ ಜನ ನಕ್ಕರು, ಹಿಂದಿನ ವಾರದ ಕಿವಿ ನೆನಪಿತ್ತಲ್ಲ. "ಯಜಮಾನ ಕೋಲು ಎತ್ತಿದ. ಮೂರನೇ ಏಟು. ಆಗ ದೇವರು ಕತ್ತೆಯ ಬಾಯಿ ತೆರೆದ. ಕತ್ತೆ ಏನಂತು..."

ನಿಂತರು. ನಾವೆಲ್ಲ ಅವರ ಬೆರಳು ನೋಡಿದೆವು. ಅದು ಪೀಠದ ಅಂಚಿನಲ್ಲೇ ಇತ್ತು. ಶಾಂತಮ್ಮಜ್ಜಿ ಬಾಯಿ ತೆರೆದಳು, ಅವರು ಮೂಗು ಉಜ್ಜಿಕೊಳ್ಳದ್ದು ನೋಡಿ ಮುಚ್ಚಿದಳು. ಉಪದೇಶಿಗಳು ಒಮ್ಮೆಲೇ ಪುಸ್ತಕ ಮುಚ್ಚಿ, ಹೆಸರು ಕೂಗಿದರು. "ಇದು ಮೂರನೇ ಸಲ. ಅಡ್ಡಿ ಇದ್ದವರು ಈಗಲೇ ಹೇಳಬೇಕು."

ಅನ್ನುತ್ತಾ ಬೆರಳು ಮೂಗಿಗೆ ಹೋಯಿತು. ಉಜ್ಜಿಕೊಂಡು ನಿಂತರು.

ವರ್ಷಗಟ್ಟಲೆ ಕಲಿಸಿದ ಅಭ್ಯಾಸ. ಅವರು ಮೂಗು ಉಜ್ಜಿ ನಿಂತರೆ ಕೊನೆಯ ಮಾತು ನಮ್ಮದು. ಇದು ನನಗೇ ಬಿಟ್ಟಿದ್ದು ಅಂತ ನನಗೆ ಅನಿಸಿತು. ಅನಿಸಿದ ಮೇಲೆ ಯೋಚನೆ ಮಾಡಲಿಲ್ಲ, ಮಾಡಿದ್ದರೆ ಆಗುತ್ತಿರಲಿಲ್ಲ. ಎದ್ದು ನಿಂತೆ. ಬಾಯಿಗೆ ಬಂದದ್ದು ಕತ್ತೆಯ ಮಾತೇ.

"ನಾನು ನಿಮಗೇನು ಮಾಡಿದ್ದೆ?" ಎಂದೆ.

ಚರ್ಚೆಲ್ಲ ಹೋ ಎಂದು ನಕ್ಕುಬಿಟ್ಟಿತು. ಕಥೆಯ ಕೊನೆ ಸರಿಯಾಗಿ ಹೇಳಿದೆ ಅಂದುಕೊಂಡರು. "ಭೇಷ್ ಕಣೇ!" ಎಂದು ಶಾಂತಮ್ಮಜ್ಜಿ ಚಪ್ಪಾಳೆ ತಟ್ಟಿದಳು. ನಾನು ಕುಳಿತುಕೊಳ್ಳಲಿಲ್ಲ.

"ನಂಗೆ ಈ ಮದುವೆ ಬೇಡ" ಎಂದೆ.

ನಗು ಒಂದೊಂದೇ ಬಾಯಿಯಲ್ಲಿ ನಿಂತಿತು. ಹಿಂದಿನ ಸಾಲಿನವರಿಗೆ ಕೇಳಿಸದೆ ಅವರು ಇನ್ನೂ ನಗುತ್ತಿದ್ದರು, ಆಮೇಲೆ ಅವರೂ ನಿಲ್ಲಿಸಿದರು. ದೊರೆಗಳು ಕುರ್ಚಿಯಿಂದ ಅರ್ಧ ಎದ್ದರು. ಮಿಸ್ಸಮ್ಮ ನನ್ನ ಸೆರಗು ಹಿಡಿದು ಕೆಳಕ್ಕೆ ಎಳೆದರು. ಆದರೆ ಅವರೆಲ್ಲರಿಗಿಂತ ಮೊದಲು ಎದ್ದವನು ಬಟ್ಲರ್. ನಗು ತನ್ನ ಮೇಲೆ ಎಂದು ಅವನು ತಿಳಿದುಕೊಂಡ. ಮುಖ ಮೀಸೆಗಿಂತ ಕಪ್ಪಾಗಿತ್ತು.

"ಈ ಕತ್ತೆ ನಮಗೆ ವೇಂಡಾಂ ದೊರೆ!" ಎಂದು ಹೊಸ ಬೂಟು ಕಿರುಗುಟ್ಟಿಸುತ್ತಾ ಹೊರಗೆ ಹೋಗಿ ಕಾರಿನಲ್ಲಿ ಕುಳಿತ.

ನನ್ನನ್ನು ಬಿಡಿಸಿದ್ದು ಇಷ್ಟು. ನನ್ನ 'ಬೇಡ' ಯಾರೂ ಕೇಳಲಿಲ್ಲ. ಅವನ 'ಬೇಡ' ಕೇಳಿದರು.

ಬಿಡಿಸಿ ಎಲ್ಲಿಗೆ ಬಿಟ್ಟರು ಎಂದರೆ ಅದೇ ಕಾಂಪೌಂಡಿಗೆ. ಅವತ್ತೇ ಬೋರ್ಡಿಂಗಿನಿಂದ ಎತ್ತಿ ಹಿಟ್ಟು ಬೀಸುವ ಕೋಣೆಗೆ ಹಾಕಿದರು. ಒಂದು ಕಿಟಕಿ, ಅದರ ಎದುರಿಗೆ ಗೋಡೆ. ರಾಗಿ ಬೀಸು, ಉಣ್ಣು, ಮಲಗು. ನನ್ನ ಹೆಸರು ಕತ್ತೆ ಹುಡುಗಿ ಅಂತ ಆಯಿತು. ದಂಡಿನವರೆಗೂ ಆ ಕಥೆ ಹೋಗಿತ್ತು. ಹೆಣ್ಣು ಕೇಳಲು ಬಂದವರು, "ಅವಳೊಬ್ಬಳು ಬೇಡ" ಎಂದು ಮೊದಲೇ ಹೇಳಿ ಒಳಗೆ ಬರುತ್ತಿದ್ದರು. ಜೊತೆಯ ಹುಡುಗಿಯರು ಒಬ್ಬೊಬ್ಬರೇ ಗೇಟು ದಾಟಿದರು, ಒಳ್ಳೆಯ ಗಂಡನ ಜೊತೆಗೋ ಕೆಟ್ಟವನ ಜೊತೆಗೋ. ನಾನು ಬೀಸುವ ಕಲ್ಲಿನ ಮುಂದೆ ಇದ್ದೆ. ಆ ಬಟ್ಲರ್ ಜೊತೆ ಹೋಗಿದ್ದರೆ ದಂಡಿನಲ್ಲಿ ಬಲ್ಬಿನ ಬೆಳಕಾದರೂ ಇರುತ್ತಿತ್ತು ಎಂದು ಎಷ್ಟೋ ಸಲ ಅನಿಸಿದೆ. ಸುಳ್ಳೇಕೆ ಹೇಳಲಿ.

ಉಪದೇಶಿಗಳಿಗೂ ಆಯಿತು. ಕತ್ತೆಯ ಪ್ರಸಂಗ ಏಕೆ ಹೇಳಿದೆ ಎಂದು ದೊರೆಗಳು ಕೇಳಿದರಂತೆ. ವೇದದಲ್ಲಿದೆ ಎಂದರಂತೆ ಇವರು. ಅವತ್ತಿನಿಂದ ಕಥೆ ಕೂಡದು, ದಂಡಿನಿಂದ ಅಚ್ಚಾಗಿ ಬರುವ ಪ್ರಸಂಗ ಓದಬೇಕು, ಅಷ್ಟೇ ಓದಬೇಕು ಎಂದು ಅಪ್ಪಣೆಯಾಯಿತು. ಓದಿದರು. ಆ ಪುಸ್ತಕದಲ್ಲಿ ನಗುವಂಥದ್ದು ಒಂದು ಅಕ್ಷರವಿರಲಿಲ್ಲ. ಆದರೆ ಓದುತ್ತಾ ಓದುತ್ತಾ, ತಮಗೇ ತಿಳಿಯದೆ, ಒಂದು ಕಡೆ ನಿಂತು ಮೂಗು ಉಜ್ಜಿಕೊಂಡುಬಿಡುವರು. ಜನ ನಗುವರು. ಯಾವುದಕ್ಕೆ ಎಂದು ನಕ್ಕವರಿಗೂ ಗೊತ್ತಿಲ್ಲ. ಉಪದೇಶಿಗಳು ಬೆಚ್ಚಿ ಮುಂದೆ ಓದುವರು. ಗೌಡರು ಕಿಟಕಿಯ ಹತ್ತಿರ ಬರುವುದನ್ನು ಬಿಟ್ಟರು. "ನಿಮ್ಮ ಅಯ್ಯನೋರ ಬಾಯಿಗೆ ಕುಕ್ಕೆ ಕಟ್ಟವ್ರೆ ಕಣವ್ವಾ" ಎಂದು ಗೋಡೆಯಾಚೆಯಿಂದ ನನಗೆ ಹೇಳಿದರು. ಕಣ ತುಳಿಯುವ ಎತ್ತು ಕಾಳು ತಿನ್ನದ ಹಾಗೆ ಕಟ್ಟುತ್ತಾರಲ್ಲ, ಅದು.

ಮನೆಯೇನೋ ಉಳಿಯಿತು, ಮಂಚವೂ ಉಳಿಯಿತು. ಆಯಮ್ಮ ಅದೇ ಮಂಚದ ಮೇಲೆ ಹೋದರು. ಮಣ್ಣು ಮಾಡಿ ಬರುವಾಗ ಓಣಿಯಲ್ಲಿ ಯಾರೋ "ಅಯ್ಯನೋರೆ, ಆಯಮ್ಮನ ಮೇಲೆ ಒಂದ್ ಕಥೆ ಹೇಳಿ, ಮನಸ್ಸು ಹಗುರಾಗ್ಲಿ" ಎಂದರು. ಅವರು ಹೇಳಿದರು ಕೂಡ. ಜನ ನಕ್ಕರು. ನಾನು ಹಿಂದೆಯೇ ಬರುತ್ತಿದ್ದೆ, ಅವರ ಬೆನ್ನು ನೋಡಿಕೊಂಡು. ಆ ಬೆನ್ನು ನನಗೆ ಗೊತ್ತಿದ್ದ ಬೆನ್ನು.

ಸ್ವರಾಜ್ಯ ಬಂತು. ದೊರೆಗಳು ಹಡಗು ಹತ್ತಿದರು. ಅದರ ಹಿಂದೆಯೇ ಚರ್ಚಿನ ಬೆಂಚು ರಿಪೇರಿಗೆ ಹೊಸಕೋಟೆ ಕಡೆಯಿಂದ ಒಬ್ಬ ಬಡಗಿ ಬಂದ, ನಮ್ಮ ಜನವೇ. ಕತ್ತೆ ಹುಡುಗಿ ಯಾರು ಅಂತ ಅವನೇ ಕೇಳಿಕೊಂಡು ಬೀಸುವ ಕೋಣೆಯ ಬಾಗಿಲಿಗೆ ಬಂದು ನಿಂತ. "ನಂಗೆ ನೀನು ಒಪ್ಪಿಗೆ. ನಿಂಗೆ ಬೇಡ ಅಂದ್ರೆ ಇಲ್ಲೇ ಹೇಳ್ಬಿಡು ಮಾರಾಯ್ತಿ, ಚರ್ಚಲ್ಲಿ ಹೇಳ್ಬೇಡ" ಎಂದ. ಕೇಳಿದವನು ಅವನೊಬ್ಬನೇ. ಮದುವೆಯಾದೆವು. ನಮ್ಮ ಹೆಸರು ಕೂಗಿದವರೂ ಉಪದೇಶಿಗಳೇ. ಮೂರನೇ ಸಲ ಅಡ್ಡಿ ಇದೆಯೇ ಎಂದು ಕೇಳಿ ನಿಲ್ಲದೆ, ಉಸಿರೂ ತೆಗೆಯದೆ, ಮುಂದಿನ ಹಾಡಿನ ನಂಬರ್ ಹೇಳಿಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ನಾನೇ ಹೇಳಿದ್ದೇನೆ. ಉಪದೇಶಿ ತಾತ ಅಜ್ಜಿಗೋಸ್ಕರ ಮೂರು ವಾರ ಕಥೆ ಕಟ್ಟಿ, ಕೊನೆಗೆ ಸರಿಯಾಗಿ ನಿಲ್ಲಿಸಿ, ಅಜ್ಜಿಗೆ ಮಾತು ಬಿಟ್ಟುಕೊಟ್ಟರು ಅಂತ. ಪಾದ್ರಿ ಹುಡುಗನಿಗೂ ಹಾಗೇ ಮುಟ್ಟಿದ್ದು. ಚಕ್ಕೋತದ ಕಾಲ ಬಂದರೆ ಪ್ರತಿ ವರ್ಷ ಒಂದು ದೊಡ್ಡ ಕಾಯಿ ಆರಿಸಿ ಅವರಿಗೆ ಕೊಟ್ಟು ಬರುತ್ತಿದ್ದೆ. ಋಣ ಅಂತ ಅಲ್ಲ. ಕೊಡಬೇಕು ಅನಿಸುತ್ತಿತ್ತು.

ಈ ವರ್ಷವೂ ಹೋಗಿದ್ದೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಸೊಂಟ ಬಗ್ಗಿತ್ತು, ಕಿವಿ ಮಂದ. ಮೂಗಿನ ತುದಿ ಮಾತ್ರ ಕೆಂಪು. ಕುರ್ಚಿ ಈ ಕಡೆಗೆ ತಿರುಗಿಸಿ ಎದುರಿಗೆ ಕುಳಿತು ಚಕ್ಕೋತ ಕೊಯ್ಯುತ್ತಾ ಕೇಳಿದೆ.

"ಅಯ್ಯನೋರೆ, ಆ ಕತ್ತೆ ಕಥೆ. ಮೂರೂ ವಾರದ್ದು ಮೊದ್ಲೇ ಯೋಚ್ನೆ ಮಾಡಿದ್ರಾ?"

"ಮಾಡಿದ್ದೆ."

"ನಾನು ಎದ್ದು ಹೇಳ್ತೀನಿ ಅಂತ ಗೊತ್ತಿತ್ತಾ?"

ಕಿವಿಗೆ ಅಂಗೈ ಒಡ್ಡಿದರು. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಕೇಳಲು ಹೋದೆ.

"ನೀನಲ್ಲ ಮಗಾ" ಎಂದರು. "ನಾನು."

"ಏನು ನೀವು?"

"ಕತ್ತೆ ನಾನು. ಅಡ್ಡಿ ನಾನೇ ಹೇಳ್ಬೇಕು ಅಂತಿದ್ದೆ. ಬರೀ ಬಾಯಲ್ಲಿ ಆಗಲ್ಲ ಅಂತ ಕಥೆ ಹಿಡ್ಕಂಡೆ. ಮೊದಲ್ನೇ ವಾರ ಹೇಳ್ತೀನಿ ಅಂತ ಪೀಠ ಹತ್ತಿದೆ, ಆಗ್ಲಿಲ್ಲ. ಎರಡ್ನೇ ವಾರ ಆಗ್ಲಿಲ್ಲ. ಮೂರನೇ ವಾರ ಬಾಯಿ ತೆರೆದೆ. ಕತ್ತೆ ಏನಂತು ಅನ್ನೋವರ್ಗೂ ಬಂದೆ. ಇವಳ ಮಂಚ ಕಣ್ಮುಂದೆ ಬಂತು. ಬೀದೀಲಿ ಹಾಕಿದ ಹಾಗೆ ಬಂತು."

"ಮೂಗು ಉಜ್ಕೊಂಡು ನಿಲ್ಸಿದ್ರಲ್ಲ, ನಂಗೆ ಅಂತ."

"ನಾನು ನಿಲ್ಸಿಲ್ಲ. ನಿಂತೋಯ್ತು. ಕೈ ಎಲ್ಲಿಡ್ಬೇಕು ಗೊತ್ತಾಗ್ದೆ ತಾನಾಗೇ ಮೂಗಿಗೆ ಹೋಯ್ತು."

ಚಕ್ಕೋತದ ಸಿಪ್ಪೆ ಮಂದ. ಒಳಗಿನ ಬಿಳಿಯನ್ನು ಬಿಡಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಅವತ್ತು ಹಿಡಿದದ್ದು ಒಳ್ಳೆಯದಾಯಿತು. ಇಷ್ಟು ವರ್ಷ ಒಬ್ಬರು ಬಾಗಿಲು ತೆರೆದರು ಅಂತ ನಂಬಿಕೊಂಡು ಬಂದಿದ್ದೆ. ಬಾಗಿಲೇ ಇರಲಿಲ್ಲ. ಅವರೂ ಅದೇ ಓಣಿಯಲ್ಲಿ ಸಿಕ್ಕಿಕೊಂಡಿದ್ದರು, ನಾನು ಅವರ ಮೈ ತುಳಿದುಕೊಂಡು ದಾಟಿದ್ದೆ.

ಸಿಟ್ಟು ಬಂತೇ ಎಂದರೆ, ಬಂತು. ಹೆಂಡತಿಯ ಮಂಚ ನನಗೂ ಗೊತ್ತಿತ್ತು, ಅದರ ಮೇಲಿನ ದೇಹವನ್ನು ದಿನಾ ತಿರುಗಿಸಿದವಳು ನಾನು. ಅದಕ್ಕೇ ಬೈಯಲಾಗಲಿಲ್ಲ.

ಅವರು ಮುಂದಕ್ಕೆ ಬಗ್ಗಿದರು. "ಆದ್ರೆ ಮಗಾ" ಎಂದರು. "ನೀನು ಅವತ್ತು ಏಳ್ದೇ ಇದ್ದಿದ್ರೆ, ಇನ್ನೊಂದು ಗಳಿಗೆ ಹೋಗಿದ್ರೆ, ನಾನೇ..."

ನಿಂತರು. ಬೆರಳು ಮೂಗಿಗೆ ಹೋಯಿತು. ಈ ಸಲ ತಾನಾಗಿ ಹೋದದ್ದಲ್ಲ. ಉಜ್ಜಿಕೊಂಡು, ಕಣ್ಣು ನನ್ನ ಮೇಲೆ ನೆಟ್ಟು, ಹಳೆಯ ಹಾಗೆಯೇ ಕಾಯುತ್ತಾ ಕುಳಿತರು.

ಕೊನೆಯ ಮಾತು ಏನೆಂದು ನನಗೆ ಗೊತ್ತಿತ್ತು. "ಹೇಳೇ ಹೇಳ್ತಿದ್ರಿ ಬಿಡಿ ಅಯ್ಯನೋರೆ." ಅಷ್ಟೇ. ಅದೇನು ಭಾರದ ಮಾತಲ್ಲ. ಆದರೆ ಆ ಪೀಠದ ಅಂಚು ಹಿಡಿದಿದ್ದ ಕೈ ನಾನು ನೋಡಿದ್ದೆ, ಅವರು ಹೇಳುತ್ತಿರಲಿಲ್ಲ. ಹೆಸರು ಕೂಗಿ ಮುಗಿಸಿ, ಮರುದಿನ ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಿದ್ದರು.

ಅವರ ಎಷ್ಟೋ ಕಥೆಗಳಿಗೆ ಕೊನೆ ಹೇಳಿದ್ದೇನೆ. ಇದಕ್ಕೆ ಹೇಳಲಿಲ್ಲ. ಒಂದು ತೊಳೆ ಬಿಡಿಸಿ, ಬೀಜ ತೆಗೆದು, ಅವರ ಅಂಗೈ ತಿರುಗಿಸಿ ಅದರಲ್ಲಿ ಇಟ್ಟೆ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು ಬಾಯಿಗೆ ಹಾಕಿಕೊಂಡರು. ಹುಳಿಯಿತ್ತು, ಮುಖ ಹಿಂಡಿದರು.

ಇನ್ನೊಂದು ತೊಳೆ ಬಿಡಿಸಿದೆ.